ಅತ್ತೂರಿಗೆ ಹೋಗಿ ಬಂದ ಮೇಲೆ

2023ರ ಬೇಸಿಗೆಯಲ್ಲಿ ನಮ್ಮೂರಿನ ಮಹಿಳಾ ಮಂಡಳದವರು ಒಂದು ಲೇಖನ ಸ್ಪರ್ಧೆ ಇಟ್ಟು, ನಿರ್ಣಾಯಕಳಾಗಿ ಬರಬೇಕೆಂದು ನನಗೆ ಹೇಳಿ ಕಳಿಸಿದರು. ಹೈಸ್ಕೂಲಿನ ಕನ್ನಡ ಟೀಚರು ಅಂದರೆ ಇಂಥ ಕೆಲಸಗಳಿಗೆ ಊರವರ ಪಾಲಿಗೆ ಬಾಡಿಗೆ ಇಲ್ಲದ ಎತ್ತು. ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ವಿಷಯ ‘ನಾ ಕಂಡ ಪುಣ್ಯಕ್ಷೇತ್ರ’. ಒಟ್ಟು 18 ಲೇಖನಗಳು ಬಂದಿದ್ದವು. ಧರ್ಮಸ್ಥಳ, ಶ್ರೀಶೈಲ, ಪಂಢರಪುರ, ಉಳವಿ, ಕಾಶಿ. ಒಬ್ಬಾಕೆ ತಮಿಳುನಾಡಿನ ವೇಳಾಂಗಣ್ಣಿಗೆ ಹೋಗಿ ಬಂದದ್ದನ್ನೂ ಬರೆದಿದ್ದಳು. ಸೂಟಿಯ ಮಧ್ಯಾಹ್ನ ಫ್ಯಾನಿನ ಕೆಳಗೆ ಕೂತು, ಅಭ್ಯಾಸಬಲದಿಂದ ಕೆಂಪು ಪೆನ್ನನ್ನೇ ಹಿಡಿದು ಓದತೊಡಗಿದೆ.

ಐದಾರು ಓದುವಷ್ಟರಲ್ಲಿ ಮುಂದಿನದನ್ನು ಓದದೆಯೇ ಹೇಳಬಲ್ಲೆ ಅನಿಸಿತು. ಎಲ್ಲ ಲೇಖನಗಳೂ ಬೆಳಗಿನ ಐದು ಗಂಟೆಗೆ ಮನೆ ಬಿಡುತ್ತವೆ. ಎಂಟಕ್ಕೆ ದಾರಿಯಲ್ಲಿ ಬುತ್ತಿ ಬಿಚ್ಚುತ್ತವೆ. ಗುಡ್ಡ ಕಂಡರೆ ‘ಪ್ರಕೃತಿ ಮಾತೆಯ ಮಡಿಲು’, ಗೋಪುರ ಕಂಡರೆ ‘ಗತವೈಭವ’, ಪಾಳಿ ಹಚ್ಚಿ ನಿಂತು ನಿಂತು ಕಾಲು ಬಿದ್ದುಹೋದ ಮೇಲೆ ದೇವರು ಕಂಡರೆ ‘ವರ್ಣಿಸಲು ಪದಗಳಿಲ್ಲ’. ಪದಗಳಿಲ್ಲದಿದ್ದರೆ ಲೇಖನ ಸ್ಪರ್ಧೆಗೆ ಯಾಕೆ ಬಂದಿರಿ ತಾಯಂದಿರಾ ಎಂದು ಕೇಳಬೇಕೆನಿಸಿತು. ಇನ್ನು ಕಡೆಯ ಸಾಲು. 18ರಲ್ಲಿ 14 ಲೇಖನಗಳು ‘ದೇವನೊಬ್ಬ ನಾಮ ಹಲವು’ ಎಂದೇ ಮುಗಿದಿದ್ದವು. ವೇಳಾಂಗಣ್ಣಿಯ ಲೇಖನದಲ್ಲಿ ಆ ಮಾತು ಮೂರು ಸಲ ಬಂದಿತ್ತು. ಬೇರೆಯವರ ದೇವರ ಮನೆಗೆ ಹೋದಾಗ ನಾವು ಆ ಮಾತನ್ನು ಹೆಚ್ಚು ಸಲ ಹೇಳುತ್ತೇವೆ, ಹೆದರಿದವರು ರಾತ್ರಿ ಹಾಡು ಗುನುಗುವ ಹಾಗೆ.

ಹೀಗೆ ಮನಸ್ಸಿನಲ್ಲೇ ನಗುತ್ತ ಗೆರೆ ಎಳೆಯುತ್ತಿದ್ದವಳಿಗೆ ಒಮ್ಮೆಲೇ ಕೈ ನಿಂತಿತು. ಅದೇ ವರ್ಷ ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗೆ ನಾನೂ ಒಂದು ಲೇಖನ ಕೊಟ್ಟಿದ್ದೆ. ‘ಅತ್ತೂರಿನ ಪುಣ್ಯಧಾಮ: ಒಂದು ಅನುಭವ’. ಕಪಾಟಿನಿಂದ ಸಂಚಿಕೆ ತೆಗೆದು ನೋಡಿದೆ. ಬೆಳಗಿನ ಐದು ಗಂಟೆಗೆ ಕಾರ್ಕಳದಲ್ಲಿ ಬಸ್ಸು ಇಳಿದಿದ್ದೆ. ಪ್ರಕೃತಿ ಮಾತೆ ಎರಡನೆಯ ಪ್ಯಾರಾದಲ್ಲೇ ಮಡಿಲು ಹಾಸಿದ್ದಳು. ಕಣ್ಮನ ತಣಿದಿತ್ತು. ಕಡೆಯ ಸಾಲನ್ನು ಹೇಳುವ ಅಗತ್ಯವಿಲ್ಲ, ನೀವು ಊಹಿಸಿದ್ದೀರಿ. ಹತ್ತಕ್ಕೆ ಮೂರು ಅಂಕ ಹಾಕಬಹುದಾದ ಲೇಖನ. ಅಕ್ಷರ ಚೆನ್ನಾಗಿದೆ ಎಂದು ಅರ್ಧ ಅಂಕ ಬೇಕಾದರೆ ಸೇರಿಸಬಹುದಿತ್ತು, ಆದರೆ ಅದು ಅಚ್ಚಾಗಿತ್ತು.

ಆ ಲೇಖನದಲ್ಲಿ ನಾನು ಏನನ್ನು ಬಿಟ್ಟೆ, ಯಾಕೆ ಬಿಟ್ಟೆ ಎಂಬುದನ್ನು ಈಗ ಬರೆಯುತ್ತಿದ್ದೇನೆ.

ನಾನು ಅತ್ತೂರಿಗೆ ಹೋದದ್ದು ಪ್ರವಾಸಕ್ಕಲ್ಲ. ನನ್ನ ಅಕ್ಕನ ಜೊತೆಗೆ, ಅಕ್ಕನ ಮೊಮ್ಮಗನನ್ನು ಕರೆದುಕೊಂಡು. ಹುಡುಗನಿಗೆ ಆಗ ಒಂಬತ್ತು ವರ್ಷ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬಿಸಿಲು ಯಾವುದು, ನೆರಳು ಯಾವುದು ಎಂಬಷ್ಟು ಗೊತ್ತಾಗುತ್ತದೆ. ನಮ್ಮ ಕಡೆ ಮಗಳನ್ನು ಸೋದರಮಾವನಿಗೆ ಕೊಡುವುದು ನೀವೆಲ್ಲ ಕಂಡದ್ದೇ. ಅಕ್ಕ ತನ್ನ ಒಬ್ಬಳೇ ಮಗಳನ್ನು ನಮ್ಮ ತಮ್ಮನಿಗೇ ಕೊಟ್ಟಳು. ಹೊಲ ಹೊರಗೆ ಹೋಗುವುದಿಲ್ಲ, ಮಗಳು ಕಣ್ಣ ಮುಂದೆ ಇರುತ್ತಾಳೆ ಎಂದಳು. ಮಗು ಹುಟ್ಟಿದ ಮೇಲೆ ಡಾಕ್ಟರು ರಕ್ತಸಂಬಂಧದ ಮಾತು ಎತ್ತಿದರು. ಹಾಗೇ ಆಗಬೇಕೆಂದೇನಿಲ್ಲ, ಆದರೆ ಆಗಬಹುದು ಅಂದರು. ಅಷ್ಟು ಸಾಕಾಯಿತು. ಅಂದಿನಿಂದ ಅಕ್ಕ ಕಟ್ಟದ ಹರಕೆ ಇಲ್ಲ. ಬನಶಂಕರಿಗೆ ಬೆಳ್ಳಿಯ ಕಣ್ಣು ಮಾಡಿಸಿ ಕೊಟ್ಟಳು. ನಾನು ಅವಳಿಗೆ ಬುದ್ಧಿ ಹೇಳುವ ಸ್ಥಾನದಲ್ಲಿ ಇಲ್ಲ. ಆ ಮದುವೆಯಲ್ಲಿ ನಾನೂ ಅಕ್ಕಿಕಾಳು ಹಾಕಿದವಳು, ಅದೂ ಬಿ.ಎಡ್. ಮುಗಿಸಿ, ಟೀಚರಾಗಿ ಎಷ್ಟೋ ವರ್ಷ ಕಳೆದ ಮೇಲೆ.

ಕಾರ್ಕಳದ ಕಡೆಯ ಕ್ರೈಸ್ತ ಟೀಚರೊಬ್ಬರು ನಮ್ಮ ಶಾಲೆಯಲ್ಲಿ ಬಹಳ ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ ಊರಿಗೆ ಹೋಗಿದ್ದರು. ಜನವರಿಯಲ್ಲಿ ಅತ್ತೂರಿನ ಜಾತ್ರೆಗೆ ಬನ್ನಿ ಎಂದು ವರ್ಷವೂ ಫೋನು ಮಾಡುತ್ತಿದ್ದರು. ಆ ವರ್ಷ ಅಕ್ಕ ಅದನ್ನು ಕೇಳಿಸಿಕೊಂಡಳು. “ಆ ದೇವರೊಬ್ಬಾಂವ ಉಳದಾನಲ್ಲ, ನಡಿ” ಅಂದಳು. ಬನದ ಹುಣ್ಣಿಮೆ ಆಗಿ ಎರಡು ವಾರ ಕಳೆದಿತ್ತು. ಬನಶಂಕರಿಯಲ್ಲಿ ನಾಟಕ ಕಂಪನಿಗಳ ತೆರೆ ಇನ್ನೂ ಇಳಿದಿರಲಿಲ್ಲ. 26ಕ್ಕೆ ಧ್ವಜಾರೋಹಣಕ್ಕೆ ಶಾಲೆಯಲ್ಲಿರಬೇಕೆಂದು ಲೆಕ್ಕ ಹಾಕಿ, ಎರಡು ದಿನ ರಜೆ ಬರೆದು ಕೊಟ್ಟು ಹೊರಟೆ.

ಕೆಂಪು ಕಲ್ಲು, ಸುಡುವ ಬಿಸಿಲು, ಜೋಳದ ಹೊಲಗಳ ನಾಡಿನಿಂದ ಹೋದವರಿಗೆ ಆ ಸೀಮೆ ಕಣ್ಣಿಗೆ ಬೇರೆಯೇ. ಅಡಿಕೆ, ತೆಂಗು, ಬೆವರು. ಕಾರ್ಕಳ ಊರಿನ ಬಂಡೆಯ ಮೇಲೆ 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ ನಿಂತಿದ್ದಾನೆ. ಅಲ್ಲಿಂದ ಸ್ವಲ್ಪ ದೂರದ ಅತ್ತೂರಿನಲ್ಲಿ ಸಂತ ಲಾರೆನ್ಸರು. ಅವರ ಮರದ ವಿಗ್ರಹ ಒಂದು ಅಡಿಯದು. ಒಂದೇ ಊರಿನ ಸುತ್ತ ಅಷ್ಟು ದೊಡ್ಡದು, ಇಷ್ಟು ಚಿಕ್ಕದು. ಇದನ್ನು ನಾನು ಶಾಲೆಯ ಸಂಚಿಕೆಯಲ್ಲಿ ಬರೆದಿರಲಿಲ್ಲ. ಬರೆದಿದ್ದರೆ ನಾಲ್ಕನೆಯ ಅಂಕ ಸಿಗುತ್ತಿತ್ತು.

ಆ ಊರಿನ ಕ್ರೈಸ್ತರ ಕಥೆ ಸುಖದ ಕಥೆಯಲ್ಲ. 1759ರ ಹೊತ್ತಿಗೆ ಆ ಭಾಗದಲ್ಲಿ ಅವರಿಗೊಂದು ಇಗರ್ಜಿ ಇತ್ತು. 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ತಿರುಗಿ ಬಂದರು, ಹುಲ್ಲು ಹೊದಿಸಿದ ಇಗರ್ಜಿ ಕಟ್ಟಿಕೊಂಡರು. ಅದು ಸಾಲದಾಗಿ 1839ರಲ್ಲಿ ಹೊಸ ಜಾಗ ಹುಡುಕುತ್ತ ವಿಗ್ರಹ ಹೊತ್ತು ನಡೆದಾಗ, ಒಂದು ಒರತೆಯ ಹತ್ತಿರ ಅದನ್ನು ಇಳಿಸಿ ದಣಿವಾರಿಸಿಕೊಂಡರಂತೆ. ಮತ್ತೆ ಎತ್ತಲು ಹೋದರೆ ಒಂದು ಅಡಿಯ ಮರದ ಮೂರ್ತಿ ಅಲುಗಲಿಲ್ಲವಂತೆ. ಅಲ್ಲಿಯೇ ಕಟ್ಟಿದರು. ಆ ಒರತೆಯ ಪುಷ್ಕರಿಣಿ ಈಗಲೂ ಇದೆ, ಜನ ನೀರು ಒಯ್ಯುತ್ತಾರೆ. ಟೀಚರು ಇದನ್ನು ಹೇಳುವಾಗ ಅಕ್ಕ ತಲೆಯಾಡಿಸಿದಳು. ಅವಳಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಇಳಿಸಿದ ದೇವರು ಏಳದೆ ಕೂತ ಕಥೆಗಳು ಬೇಕಾದಷ್ಟಿವೆ. 2016ರಲ್ಲಿ ಪೋಪರು ಆ ಇಗರ್ಜಿಗೆ ಬಸಿಲಿಕ ಎಂಬ ಗೌರವ ಕೊಟ್ಟರು ಎಂದರೆ ಅದಕ್ಕೂ ತಲೆಯಾಡಿಸಿದಳು.

ಜಾತ್ರೆಯನ್ನು ತುಳುವಿನಲ್ಲಿ ಸಾಂತ್‌ಮಾರಿ ಅನ್ನುತ್ತಾರೆ. ಬಳೆ ಅಂಗಡಿ, ಮಿಠಾಯಿ, ಆಟಿಗೆ ಸಾಮಾನು, ಧೂಳು, ಕೊಂಕಣಿ, ತುಳು, ಕನ್ನಡ. ಹೂವಿನ ಮಾಲೆ, ಮೇಣದ ಬತ್ತಿ ಹಿಡಿದವರಲ್ಲಿ ಕುಂಕುಮದ ಹಣೆಗಳೂ ಇದ್ದವು, ಬುರ್ಖಾದವರೂ ಇದ್ದರು. ಬೆಂಗಳೂರಿನ ಶಿವಾಜಿನಗರದಲ್ಲಿ ಮೇರಿಯಮ್ಮನಿಗೆ ಸೀರೆ ಉಡಿಸುತ್ತಾರೆಂದು ಯಾರಿಂದಲೋ ಕೇಳಿದ್ದ ಅಕ್ಕ, ಚೀಲದಲ್ಲಿ ಒಂದು ಇಳಕಲ್ಲ ಸೀರೆ ಇಟ್ಟುಕೊಂಡು ಬಂದಿದ್ದಳು. ಇಲ್ಲಿರುವುದು ಗಂಡು ಸಂತ ಎಂದು ತಿಳಿದು ಪೇಚಾಡಿದಳು. ಟೋಪು ತೆನೆಯ ಸೆರಗಿನ ಆ ಸೀರೆ ಹೋದ ಹಾಗೇ ತಿರುಗಿ ಬಂತು, ಈಗ ನಾನೇ ಉಡುತ್ತೇನೆ.

ಪಾಳಿಯಲ್ಲಿ ನಿಂತಾಗ ನನ್ನ ಟೀಚರ್ ಬುದ್ಧಿ ಸುಮ್ಮನಿರಲಿಲ್ಲ. ಹಿಂದೆ ಮುಂದೆ ನಿಂತವರನ್ನು ಕೇಳಿದೆ, ಈ ಲಾರೆನ್ಸರು ಯಾರು? ಒಬ್ಬರು “ಬೇಡಿದ್ದು ಕೊಡ್ತಾರೆ” ಅಂದರು. ಇನ್ನೊಬ್ಬರು “ಕಳೆದದ್ದು ಸಿಗ್ತದೆ” ಅಂದರು. ಮದುವೆ, ನೌಕರಿ, ಮಕ್ಕಳ ಫಲ, ಎಲ್ಲ ಬಂತು. ಅವರು ಯಾವ ಊರಿನವರು, ಏನು ಮಾಡಿದರು, ಯಾಕೆ ಸತ್ತರು ಎಂಬುದಕ್ಕೆ ಆ ಸಾಲಿನಲ್ಲಿ ಉತ್ತರ ಸಿಗಲಿಲ್ಲ. ತಪ್ಪು ತಿಳಿಯಬೇಡಿ, ಇದು ಅತ್ತೂರಿನ ಮೇಲಿನ ದೂರಲ್ಲ. ವಿಭೂತಿ ಗಟ್ಟಿಯ ಪೊಟ್ಟಣ ಕೊಳ್ಳಲು ಬಸ್ಸು ಇಳಿದವರನ್ನು ನಮ್ಮ ಶಿವಯೋಗ ಮಂದಿರದ ಬಾಗಿಲಲ್ಲಿ ನಿಲ್ಲಿಸಿ, ಕುಮಾರಸ್ವಾಮಿಗಳು ಯಾರು ಎಂದು ಕೇಳಿದರೂ ಹೆಚ್ಚೇನೂ ಸಿಗಲಾರದು.

ಪಾಳಿ ಸಾಗುವಷ್ಟು ಹೊತ್ತೂ ಅಕ್ಕ ಹುಡುಗನ ತಲೆಯ ಮೇಲೆ ತನ್ನ ಸೆರಗು ಹೊದಿಸಿದ್ದಳು. ಬಿಸಿಲಿಗೆ ಅಂತ ನೋಡಿದವರು ತಿಳಿಯಬೇಕು. ಬಿಸಿಲಿಗಲ್ಲ. ಮನೆಗೆ ನೆಂಟರು ಬಂದರೆ ಅವನು ಒಳಕೋಣೆಯಲ್ಲಿರುತ್ತಾನೆ. ಯಾರಾದರೂ ಮಾತಾಡಿಸಿದರೆ ಅವನ ಬದಲಿಗೆ ಅಕ್ಕನೇ ಉತ್ತರ ಕೊಡುತ್ತಾಳೆ. ಅವನು ಜೋರಾಗಿ ಹಾಡಿದರೆ “ಶ್” ಅನ್ನುತ್ತಾಳೆ. ಮೇಣದ ಬತ್ತಿ ಹಚ್ಚುವ ಜಾಗಕ್ಕೆ ಬಂದಾಗ ಹುಡುಗ ಕೈ ಮುಂದೆ ಚಾಚಿ, “ಅಜ್ಜಿ, ಇಲ್ಲಿ ಭಾಳ ದೀಪ ಅದಾವ?” ಅಂದ. ಸಾವಿರಾರು ಜ್ವಾಲೆಗಳ ಕಾವು ಅವನ ಮುಖಕ್ಕೆ ಬಡಿಯುತ್ತಿತ್ತು. ಅಕ್ಕ ಅವನ ಕೈಯಲ್ಲಿ ಬತ್ತಿ ಹಿಡಿಸಿ ಹಚ್ಚಿಸಿದಳು. ಇದನ್ನೆಲ್ಲ ನಾನು ಲೇಖನದಲ್ಲಿ ಬರೆಯಲಿಲ್ಲ. ‘ಸಕಲ ಧರ್ಮೀಯರೂ ಭಾವೈಕ್ಯದಿಂದ ದೀಪ ಬೆಳಗುತ್ತಿದ್ದರು’ ಎಂದು ಬರೆದೆ. ಸುಳ್ಳಲ್ಲ. ಆದರೆ ಆ ವಾಕ್ಯದ ಹಿಂದೆ ನಾನು ಒಬ್ಬ ಹುಡುಗನನ್ನು ಅಡಗಿಸಿದ್ದೆ, ಅಕ್ಕ ಸೆರಗಿನಲ್ಲಿ ಅಡಗಿಸಿದ ಹಾಗೇ.

ಆ ರಾತ್ರಿ ಟೀಚರ ಮನೆಯ ಜಗಲಿಯಲ್ಲಿ ಊಟವಾದ ಮೇಲೆ ನಾನೇ ಮತ್ತೆ ಪ್ರಶ್ನೆ ತೆಗೆದೆ. ಟೀಚರು ಹೇಳಿದ ಕಥೆ ಇದು. ಲಾರೆನ್ಸರು ರೋಮಿನಲ್ಲಿದ್ದವರು. ಧರ್ಮಸಭೆಯ ಹಣಕಾಸು ನೋಡಿಕೊಳ್ಳುವುದು, ಬಡವರಿಗೆ ಹಂಚುವುದು ಅವರ ಕೆಲಸ. ಈಗಿನ ಭಾಷೆಯಲ್ಲಿ ಖಜಾಂಚಿ ಅನ್ನಿ. 258ರಲ್ಲಿ ವಲೇರಿಯನ್ ಚಕ್ರವರ್ತಿ ಕ್ರೈಸ್ತರ ಮೇಲೆ ಕೈ ಮಾಡಿದ. ಆಗಿನ ಪೋಪರ ತಲೆ ಹೋಯಿತು. ಖಜಾಂಚಿಯನ್ನು ಮಾತ್ರ ತಕ್ಷಣ ಕೊಲ್ಲಲಿಲ್ಲ, ಯಾಕೆಂದರೆ ಗಂಟು ಎಲ್ಲಿದೆ ಎಂದು ತಿಳಿಯಬೇಕಲ್ಲ. ನಿಮ್ಮ ಸಭೆಯ ಸಂಪತ್ತನ್ನು ತಂದು ಒಪ್ಪಿಸು ಅಂದರು. ಲಾರೆನ್ಸರು ಮೂರು ದಿನ ಸಮಯ ಕೇಳಿದರಂತೆ. ಇದ್ದದ್ದನ್ನೆಲ್ಲ ಹಂಚಿಬಿಟ್ಟರು. ಮೂರನೆಯ ದಿನ ಅಧಿಕಾರಿಯ ಮುಂದೆ ರೋಮಿನ ಬಡವರು, ಕುಂಟರು, ಕುರುಡರು, ಗತಿಗೆಟ್ಟ ವಿಧವೆಯರು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ತೆಗೆದುಕೊಳ್ಳಿ, ನಮ್ಮ ಸಂಪತ್ತು ಇದೇ ಅಂದರಂತೆ. ಕಾದ ಕಬ್ಬಿಣದ ಜಾಲರಿಯ ಮೇಲೆ ಮಲಗಿಸಿ ಅವರನ್ನು ಕೊಂದರು ಎಂದು ಪರಂಪರೆ ಹೇಳುತ್ತದೆ. ಆಗಸ್ಟ್ 10 ಅವರ ದಿನ.

ಹೊರಗೆ ಜೀರುಂಡೆ ಕೂಗುತ್ತಿತ್ತು. ಅಕ್ಕ ಎಲೆ ಅಡಿಕೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ, “ಕುರುಡರನ್ನೂ ನಿಲ್ಲಿಸಿದರಾ? ಎಲ್ಲಾರ ಮುಂದ?” ಅಂದಳು.

“ಹೌದಲ್ಲ ಅಕ್ಕ, ಮುಂದಿನ ಸಾಲಿನಲ್ಲೇ” ಅಂದರು ಟೀಚರು. ಮುಂದಿನ ಸಾಲು ಎಂಬುದು ಅವರ ಸ್ವಂತ ಸೇರ್ಪಡೆ ಇರಬೇಕು, ಒಳ್ಳೆಯ ಟೀಚರುಗಳಿಗೆ ಆ ಹಕ್ಕಿದೆ. ಅಕ್ಕ ಮತ್ತೇನೂ ಮಾತಾಡಲಿಲ್ಲ. ಬೆಳಿಗ್ಗೆ ಪುಷ್ಕರಿಣಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಬಸ್ಸು ಹತ್ತಿದೆವು.

ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಮತ್ತೆ ಸ್ಪರ್ಧೆಯ 18 ಲೇಖನಗಳಿಗೆ ಬರುತ್ತೇನೆ. ಅವುಗಳಲ್ಲಿ 17ನೆಯದು ಎರಡೇ ಪುಟದ್ದು, ರೂಲು ಹಾಕಿದ ನೋಟುಬುಕ್ಕಿನ ಹಾಳೆ ಕಿತ್ತು ಬರೆದದ್ದು. ಬರೆದಾಕೆ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಒತ್ತಕ್ಷರ ಬೇಕಾದಲ್ಲಿ ಇಲ್ಲ, ಬೇಡವಾದಲ್ಲಿ ಇವೆ. ವಿಷಯ ಶಿವಯೋಗ ಮಂದಿರ. ಬಾದಾಮಿಯಿಂದ ಬನಶಂಕರಿ ದಾಟಿ ಪಟ್ಟದಕಲ್ಲಿನ ಕಡೆ ಹೋಗುವ ದಾರಿಯಲ್ಲಿ, ಮಲಪ್ರಭೆಯ ದಂಡೆಯ ಮೇಲಿರುವ ನಮ್ಮ ಮಂದಿರ. ನಾನು ಹತ್ತಾರು ಸಲ ಶಾಲೆಯ ಮಕ್ಕಳನ್ನು ಸಾಲು ಹಿಡಿಸಿ ತೋರಿಸಿದ ಜಾಗ.

ಆಕೆ ಬೆಳಗಿನ ಐದು ಗಂಟೆಗೆ ಹೊರಡಲಿಲ್ಲ. ಮೊದಲ ವಾಕ್ಯದಲ್ಲೇ ವಿಭೂತಿ ಮಾಡುವ ಕಡೆ ಹೋಗಿ ನಿಂತಿದ್ದಳು. ಗೋಶಾಲೆಯ ಆಕಳ ಸಗಣಿ ಒಣಗಿಸಿ, ಸುಟ್ಟು, ಆ ಬೂದಿಯನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಿಳಿ ಬಸಿದು, ತಳದಲ್ಲಿ ನಿಂತ ಗಸಿಯನ್ನು ಗಟ್ಟಿ ಮಾಡಿ ಬಿಸಿಲಿಗಿಡುವುದನ್ನು, ‘ಕುರಡಿಗೆಗೆ ಗೋಧಿ ಹಾಲು ತೆಗೆದ ಹಾಗೆ’ ಎಂದು ಬರೆದಿದ್ದಳು. ಮೂವತ್ತು ವರ್ಷ ಆ ವಿಭೂತಿ ಹಣೆಗೆ ಹಚ್ಚಿದ ನನಗೆ ಈ ಹೋಲಿಕೆ ಒಮ್ಮೆಯೂ ಹೊಳೆದಿರಲಿಲ್ಲ. ಆಮೇಲೆ ಅವಳು ಒಬ್ಬ ಹೆಂಗಸಿನ ಬಗ್ಗೆ ಬರೆದಿದ್ದಳು. ದೂರದ ಊರಿನಿಂದ ಬುತ್ತಿ ಕಟ್ಟಿಕೊಂಡು ಬಂದ ಹೆಂಗಸು. ಅಲ್ಲಿ ಓದುವ ಒಬ್ಬ ಸಣ್ಣ ವಟು ಬಂದು ನಿಂತಾಗ, ಆಕೆ ಬಾಗಿ ಅವನ ಪಾದಕ್ಕೆ ನಮಸ್ಕರಿಸಿ, “ಊಟಾ ಆತ್ರೀ?” ಎಂದು ಕೇಳಿದಳಂತೆ. ಹುಡುಗ ಹೂಂ ಅಂದನಂತೆ. ಆಕೆ ಅವನ ತಾಯಿ ಎಂದು ಪಕ್ಕದವರು ಹೇಳಿದ ಮೇಲೆ ಗೊತ್ತಾಯಿತು. ಲೇಖನ ‘ಅಷ್ಟರಾಗ ನಮ್ಮ ಬಸ್ಸು ಬಂತು’ ಎಂದು ಮುಗಿದಿತ್ತು.

ನಾನು ಆ ಎರಡು ಪುಟವನ್ನು ಮೊದಲನೆಯ ಬಹುಮಾನಕ್ಕೆ ಇಟ್ಟೆ. ಜೊತೆಯ ಇಬ್ಬರು ನಿರ್ಣಾಯಕರು ಒಪ್ಪಲಿಲ್ಲ. ಕಾಗುಣಿತ ಸರಿಯಿಲ್ಲ, ಕ್ಷೇತ್ರದ ಮಹಿಮೆ ಇಲ್ಲ, ಸಂದೇಶ ಇಲ್ಲ ಅಂದರು. ಕಡೆಗೆ ಸಮಾಧಾನಕರ ಬಹುಮಾನವಾಗಿ ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಇದರ ಬಗ್ಗೆ ನನಗೆ ಇಂದಿಗೂ ಸಮಾಧಾನವಿಲ್ಲ.

ಆಕೆ ಯಾವ ಅಲಂಕಾರವೂ ಇಲ್ಲದೆ ಮಾಡಿದ್ದು ಏನು? ಆ ಕ್ಷೇತ್ರದಲ್ಲಿ ಮಾತ್ರ ಕಾಣಬಹುದಾದದ್ದನ್ನು ಕಂಡಳು. ಅವಳ ಎರಡು ಪುಟಗಳಲ್ಲಿ ಶಿವಯೋಗ ಮಂದಿರದ ಹೆಸರು ಅಳಿಸಿ ಶ್ರೀಶೈಲ ಎಂದು ಬರೆಯಲಾಗುವುದಿಲ್ಲ. ಉಳಿದವುಗಳಲ್ಲಿ ಅಳಿಸಬಹುದು, ನನ್ನದರಲ್ಲೂ ಅಳಿಸಬಹುದು. ಎಲ್ಲ ದೇವರೂ ಒಂದೇ ಎಂಬ ಮಾತು ಬಲ್ಲವರ ಬಾಯಲ್ಲಿ ದೊಡ್ಡ ಮಾತು. ನಮ್ಮಂಥವರ ಲೇಖನದ ತುದಿಯಲ್ಲಿ ಅದು ಇನ್ನೊಬ್ಬರ ಮನೆಯನ್ನು ಸರಿಯಾಗಿ ನೋಡದೆ ಬಂದವರು ಹೇಳುವ ನೆಪ. ಒಂದೇ ಆದ ಮೇಲೆ ನೋಡುವುದೇನಿದೆ? ಲಾರೆನ್ಸರು ಯಾರೆಂದು ಕೇಳುವುದೇನಿದೆ?

ಆ ಮಳೆಗಾಲ ಕಳೆದ ಮೇಲೆ ಒಂದು ರವಿವಾರ ಅಕ್ಕನನ್ನೂ ಹುಡುಗನನ್ನೂ ಕರೆದುಕೊಂಡು ಮಂದಿರಕ್ಕೆ ಹೋದೆ. ಹರಕೆಗೆ ಅಲ್ಲ, ಆ ಎರಡು ಪುಟಗಳನ್ನು ಕೈಯಲ್ಲಿಟ್ಟುಕೊಂಡು ನೋಡೋಣವೆಂದು. ಅಕ್ಕನಿಗೆ ಬೇಡವಾಗಿತ್ತು. “ಅಲ್ಲಿ ನೋಡೂದೇನೈತಿ, ಕಂಡದ್ದ ಐತಲ್ಲ” ಅಂದಳು.

ಹೇಳಬೇಕಾದದ್ದನ್ನು ಬಸ್ಸಿನಲ್ಲೇ ಹೇಳಿದೆ. ಹಾನಗಲ್ಲ ಕುಮಾರಸ್ವಾಮಿಗಳು 1867ರಲ್ಲಿ ಹುಟ್ಟಿದವರು. ಮಠಗಳಿಗೆ ಸ್ವಾಮಿಗಳಾಗುವವರಿಗೆ ಓದು ಬೇಕು, ಸಂಸ್ಕೃತ, ಶಾಸ್ತ್ರ, ಯೋಗ ತಿಳಿದಿರಬೇಕು ಎಂದು ಹಟ ಹಿಡಿದು 1909ರಲ್ಲಿ ಈ ಹೊಳೆಯ ದಂಡೆಯ ಮೇಲೆ ಮಂದಿರ ಕಟ್ಟಿದರು. ಜೋಳಿಗೆ ಹಿಡಿದು ಊರೂರು ತಿರುಗಿದರು. ತಾಳೆಗರಿ ಗ್ರಂಥ ಕೂಡಿಸಿದರು. 1930ರಲ್ಲಿ ಹೋದರು, ಅವರ ಗದ್ದುಗೆ ಇಲ್ಲೇ ಇದೆ. ಇಷ್ಟು ಅಕ್ಕನಿಗೂ ಗೊತ್ತು. ಅವಳಿಗೆ ಗೊತ್ತಿಲ್ಲದ್ದು, ಅಥವಾ ಗೊತ್ತಿದ್ದೂ ತನಗೆ ಸಂಬಂಧ ಎಂದು ಹೊಳೆಯದ್ದು, ಗದುಗಿನ ಪಂಚಾಕ್ಷರಿ ಗವಾಯಿಗಳ ಕಥೆ. 1892ರಲ್ಲಿ ಹಾನಗಲ್ಲ ಸೀಮೆಯ ಹಳ್ಳಿಯಲ್ಲಿ ಹುಟ್ಟಿದ ಹುಡುಗ, ಹುಟ್ಟು ಕುರುಡ. ಅವನ ಅಣ್ಣನೂ ಹಾಗೇ. ಒಂದೇ ಮನೆಯಲ್ಲಿ ಇಬ್ಬರು. ಆ ತಾಯಿ ಎಷ್ಟು ದೇವರಿಗೆ ಬೆಳ್ಳಿಯ ಕಣ್ಣು ಮಾಡಿಸಿರಬೇಕು ಎಂದು ಯೋಚಿಸಿ ನೋಡಿ. ಕುಮಾರಸ್ವಾಮಿಗಳು ಆ ಮಕ್ಕಳ ಹಾಡು ಕೇಳಿದರು. ಕಣ್ಣು ಕೊಡುತ್ತೇನೆ ಅನ್ನಲಿಲ್ಲ. ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಆ ಹುಡುಗ ಹಿಂದುಸ್ತಾನಿ, ಕರ್ನಾಟಕಿ ಎರಡನ್ನೂ ಅರಗಿಸಿಕೊಂಡ ಗವಾಯಿಯಾಗಿ, ಕಣ್ಣಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗಿ ಕಲಿಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಬೆಳೆದದ್ದು ಹಾಗೆ. 1944ರಲ್ಲಿ ಅವರು ಹೋದ ಮೇಲೆ ತಾವೂ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ನಡೆಸಿದರು, ನಾಟಕ ಕಂಪನಿ ಕಟ್ಟಿ ಆಶ್ರಮದ ಮಕ್ಕಳ ಹೊಟ್ಟೆ ತುಂಬಿಸಿದರು. ಬನಶಂಕರಿ ಜಾತ್ರೆಯ ನಾಟಕ ನೋಡಿ ಬೆಳೆದ ನಮ್ಮಲ್ಲಿ ಗವಾಯಿಗಳ ಹೆಸರು ಕೇಳದವರಿಲ್ಲ.

ರೋಮಿನ ಖಜಾಂಚಿಯೂ ಹಾನಗಲ್ಲ ಸ್ವಾಮಿಗಳೂ ಒಂದೇ ಎಂದು ನಾನು ಬರೆಯುವುದಿಲ್ಲ. ಹಾಗೆ ಬರೆದರೆ ಮತ್ತೆ ಹತ್ತಕ್ಕೆ ಮೂರು. ಇಬ್ಬರೂ ಬೇರೆ, ಬಹಳ ಬೇರೆ. ಲಾರೆನ್ಸರಿಗೆ ಸಿಕ್ಕದ್ದು ಮೂರು ದಿನ. ಅಷ್ಟರಲ್ಲಿ ಅಧಿಕಾರದ ಮುಂದೆ ಒಂದು ಮಾತು ಆಡಿ ಸುಟ್ಟು ಸತ್ತರು. ಕುಮಾರಸ್ವಾಮಿಗಳ ಮುಂದೆ ಖಡ್ಗ ಹಿಡಿದ ಚಕ್ರವರ್ತಿ ಇರಲಿಲ್ಲ. ಇದ್ದದ್ದು ಸಭೆ, ಠರಾವು, ದೇಣಿಗೆ, ಲೆಕ್ಕದ ಪುಸ್ತಕ, ಹುಡುಗರ ಊಟ, ವರ್ಷಗಟ್ಟಲೆ ತಿರುಗಾಟ. ಸಾಯುವುದು ಕಷ್ಟವೋ, ಠರಾವುಗಳ ನಡುವೆ ಬದುಕಿ ಒಂದು ಶಾಲೆ ನಡೆಸುವುದು ಕಷ್ಟವೋ ನಾನು ಹೇಳಲಾರೆ. ಎರಡನೆಯದರ ರುಚಿ ಮಾತ್ರ ನನಗೆ ಸ್ವಲ್ಪ ಗೊತ್ತು. ಅತ್ತೂರಿನಲ್ಲಿ ದೇವರ ಸಂಬಂಧ ಎಲ್ಲರ ನಡುವೆ, ಬೆಳಕಿನಲ್ಲಿ, ಮೂರ್ತಿಯ ಮುಂದೆ. ಮಂದಿರದಲ್ಲಿ ಅಂಗೈಯ ಇಷ್ಟಲಿಂಗದ ಮೇಲೆ ನೋಟ ನೆಟ್ಟು ಒಬ್ಬೊಬ್ಬರೇ ಕೂತು ಮಾಡುವ ಸಾಧನೆ. ನೋಟವಿಲ್ಲದ ಮಗು ಅಂಗೈಯ ಲಿಂಗವನ್ನು ಹೇಗೆ ನೋಡಬೇಕು ಎಂದು ಅಕ್ಕ ಒಮ್ಮೆ ನನ್ನನ್ನು ಕೇಳಿದ್ದಳು. ಆಗ ಉತ್ತರ ಬಂದಿರಲಿಲ್ಲ. ಗವಾಯಿಗಳ ಅಂಗೈಯಲ್ಲೂ ಲಿಂಗವಿತ್ತು ಎಂಬುದು ಬಸ್ಸಿನಲ್ಲಿ ಹೊಳೆಯಿತು.

ಇನ್ನೊಂದು ಮಾತನ್ನು ಮಾತ್ರ ಎರಡೂ ಕಡೆಯ ಅಂಚಿನಲ್ಲಿ ಕೆಂಪು ಪೆನ್ನಿನಿಂದಲೇ ಬರೆಯಬೇಕಾಗಿದೆ. ಅತ್ತೂರಿನ ಪೀಠದ ಮುಂದೆ ಬಲಿಪೂಜೆ ಅರ್ಪಿಸುವವರು ಗಂಡಸರು. ಮಂದಿರದಲ್ಲಿ ಓದಿ ಸ್ವಾಮಿಗಳಾಗುವ ವಟುಗಳೂ ಗಂಡುಮಕ್ಕಳೇ. ಮೇಣ ಕೊಳ್ಳುವವರು, ಬುತ್ತಿ ತರುವವರು, ಮಕ್ಕಳನ್ನು ಒಪ್ಪಿಸಿ ಬಾಗಿ ನಮಸ್ಕರಿಸಿ ಹೋಗುವವರು ನಾವು. 1970ರಲ್ಲಿ ಧಾರವಾಡದಲ್ಲಿ ಮಾತೆ ಮಹಾದೇವಿಯವರು ಜಗದ್ಗುರು ಪೀಠವೇರಿದರು, ನಿಜ. ಆದರೆ ಅಕ್ಕಮಹಾದೇವಿಯ ಹೆಸರು ಹೇಳದೆ ಭಾಷಣ ಮುಗಿಸದ ಸಮಾಜಕ್ಕೆ ಆ ಒಂದು ಉದಾಹರಣೆ ಎಷ್ಟು ವರ್ಷ ಸಾಕಾದೀತು? ಕುಮಾರಸ್ವಾಮಿಗಳು ಅವರ ಕಾಲದಲ್ಲಿ ಓದದ ಸ್ವಾಮಿಗಳ ಬಗ್ಗೆ ಅಸಮಾಧಾನಪಟ್ಟರು. ಅಂಥದೇ ಒಂದು ಅಸಮಾಧಾನವನ್ನು ಅವರ ಗದ್ದುಗೆಯ ಮುಂದೆ ಇಟ್ಟು ಬಂದರೆ ಅವರೇನೂ ಸಿಟ್ಟಾಗಲಾರರು.

ಮಂದಿರದಲ್ಲಿ ಆ ದಿನ ಜನ ಕಡಿಮೆ. ಗೋಶಾಲೆಯ ಕಡೆ ಹೋದೆವು. ಹುಡುಗ ಆಕಳ ಗಂಗೆದೊಗಲು ಸವರಿ ನಕ್ಕ. ವಿಭೂತಿಯ ಗಟ್ಟ್ಟಿಯನ್ನು ಅವನ ಕೈಯಲ್ಲಿಟ್ಟರೆ ಮೂಸಿ ನೋಡಿ, “ವಾಸನಿನ ಇಲ್ಲಲ್ಲ. ಎಲ್ಲಾ ಹೋಗೇತಿ” ಅಂದ. ಗದ್ದುಗೆಗೆ ನಮಸ್ಕಾರ ಮಾಡಿ ಹೊಳೆಯ ಕಡೆ ನೆರಳಿನಲ್ಲಿ ರೊಟ್ಟಿ ಬಿಚ್ಚಿ ಕೂತೆವು. ಒಳಗೆ ಎಲ್ಲೋ ವಟುಗಳು ಕೂಡಿ ಹಾಡುತ್ತಿದ್ದರು. ಹುಡುಗ ತುತ್ತು ಕೈಯಲ್ಲಿ ಹಿಡಿದು ಹಾಗೇ ಕೂತ.

“ಅಜ್ಜಿ, ಅಲ್ಲಿ ಎಡಕ್ಕ ಕುಂತಾಂವ ಒಬ್ಬಾಂವ ಭಾಳ ಚಲೋ ಹಾಡತಾನ. ಅವನ ದನೀ ಬ್ಯಾರೆ ಐತಿ ನೋಡು.”

ನನಗಂತೂ ಎಲ್ಲ ದನಿಗಳೂ ಒಂದೇ ಆಗಿ ಕೇಳುತ್ತಿದ್ದವು. ಸ್ವಲ್ಪ ಹೊತ್ತಿಗೆ ಒಳಗಿನ ಹಾಡು ನಿಂತಿತು. ಹುಡುಗ ಮಾತ್ರ ನಿಲ್ಲಿಸಲಿಲ್ಲ. ಕೇಳಿದಷ್ಟನ್ನು ಎತ್ತಿಕೊಂಡು, ರೊಟ್ಟಿಯ ಕೈಯನ್ನೇ ತೊಡೆಗೆ ಬಡಿಯುತ್ತ ಜೋರಾಗಿ ಹಾಡತೊಡಗಿದ. ನಾನು ಅಕ್ಕನ ಮುಖ ನೋಡಿದೆ. ಅವಳ ಕೈ ಅಭ್ಯಾಸದಂತೆ ಸೆರಗಿಗೆ ಹೋಯಿತು, ಹೋಗಿ ಅಲ್ಲೇ ನಿಂತಿತು.

ಬಾಗಿಲಲ್ಲಿ ಹತ್ತು ಹನ್ನೆರಡರ ಒಬ್ಬ ವಟು ಬಂದು ನಿಂತ. “ಯಾರು ಹಾಡಿದ್ದು?” ಅಂದ.

ಅಕ್ಕ ಎದ್ದು ನಿಂತಳು. ಹುಡುಗನ ಹೆಗಲ ಮೇಲೆ ಕೈಯಿಟ್ಟು ಅವನನ್ನು ತನ್ನ ಮುಂದಕ್ಕೆ ತಂದು ನಿಲ್ಲಿಸಿ, “ಇವರೀ. ನನ್ನ ಮೊಮ್ಮಗ” ಅಂದಳು. ಅವನ ಬಾಯಿಯ ಸುತ್ತ ಶೇಂಗಾ ಚಟ್ನಿ ಮೆತ್ತಿತ್ತು. ಅದನ್ನು ಒರೆಸಲು ಅವಳಿಗೆ ನೆನಪಾಗಲಿಲ್ಲ.